ಕಡಲಿಗೆ ಮರಳಿ ಕೊಟ್ಟ 18 ಎಕರೆ

ಅಳಿವೆ ಎಂದರೇನೆಂದು ಕಾಸರಗೋಡು ಸೀಮೆಯ ವಾಚಕರಿಗೆ ವಿವರಿಸಬೇಕಾಗಿಲ್ಲ. ಹೊಳೆಯ ಸಿಹಿನೀರೂ ಕಡಲಿನ ಉಪ್ಪುನೀರೂ ಸೇರುವ ಆ ಬಾಯಿ ಮರಳಿನಿಂದ ಮುಚ್ಚಿಹೋದರೆ ಒಳಗಿನ ನೀರು ಕೆಡುವುದನ್ನು ನಮ್ಮ ಕರಾವಳಿಯ ಮಕ್ಕಳೂ ಬಲ್ಲರು. ಸೊಲ್ಲಾಪುರ, ಆದವಾನಿಗಳಂತಹ ಒಳನಾಡಿನ ವಾಚಕರು ಇಷ್ಟನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನ ಸಂಗತಿ ಸುಲಭವಾಗಿ ತಿಳಿಯುವುದು. ಮಣ್ಣು ತುಂಬಿ 80ಕ್ಕೂ ಹೆಚ್ಚು ವರ್ಷಗಳಾಗಿದ್ದ ಜೌಗುನೆಲವೊಂದನ್ನು ಮತ್ತೆ ತೋಡಿ, ಅದಕ್ಕೊಂದು ಅಳಿವೆಯನ್ನೂ ಮನುಷ್ಯರೇ ನಿರ್ಮಿಸಿಕೊಟ್ಟ ವೃತ್ತಾಂತವಿದು. ಸ್ಥಳ, ಅಮೆರಿಕದ ಸಾನ್ ಫ್ರಾನ್ಸಿಸ್ಕೋ ನಗರದ ಕ್ರಿಸ್ಸಿ ಫೀಲ್ಡ್ ಎಂಬ ಕಡಲತೀರದ ಉದ್ಯಾನ.

ಪ್ರಸಿದ್ಧವಾದ ಗೋಲ್ಡನ್ ಗೇಟ್ ಸೇತುವೆಯ ಪೂರ್ವಕ್ಕೆ, ಕೊಲ್ಲಿಯ ದಂಡೆಯಲ್ಲಿ, ಹಿಂದೆ ನೂರಕ್ಕೂ ಹೆಚ್ಚು ಎಕರೆಗಳ ಉಪ್ಪುನೀರಿನ ಜೌಗು ಹರಡಿಕೊಂಡಿತ್ತು. ಓಲೋನಿ ಎಂಬ ಮೂಲನಿವಾಸಿಗಳು ಅಲ್ಲಿ ಮೀನು, ಚಿಪ್ಪುಗಳನ್ನು ಹಿಡಿದು ಬಾಳಿದ್ದರು. 1776ರಲ್ಲಿ ಸ್ಪೇನಿನವರು ಬಂದು ಪಕ್ಕದಲ್ಲೇ ಕೋಟೆ ಕಟ್ಟಿದರು. ಆಮೇಲೆ ಅದು ಅಮೆರಿಕದ ಸೈನ್ಯದ ವಶಕ್ಕೆ ಬಂದಿತು. ಪನಾಮಾ ಕಾಲುವೆ ಮುಗಿದ ಸಂಭ್ರಮಕ್ಕಾಗಿ 1915ರಲ್ಲಿ ನಡೆದ ಮಹಾ ಪ್ರದರ್ಶನದ ಸಲುವಾಗಿ, ಉಳಿದಿದ್ದ ಜೌಗನ್ನೆಲ್ಲ ತುಂಬಿ ಮಟ್ಟ ಮಾಡಲಾಯಿತು. ಪ್ರದರ್ಶನ ಒಂದೇ ವರ್ಷದಲ್ಲಿ ಮುಗಿಯಿತು, ತುಂಬಿದ ಮಣ್ಣು ಅಲ್ಲಿಯೇ ಉಳಿಯಿತು. 1921ರಲ್ಲಿ ಆ ಬಯಲು ಸೈನ್ಯದ ವಿಮಾನ ನಿಲ್ದಾಣವಾಯಿತು. 1919ರ ವಿಮಾನ ಸ್ಪರ್ಧೆಯಲ್ಲಿ ಮಡಿದ ಮೇಜರ್ ಡೇನಾ ಕ್ರಿಸ್ಸಿಯವರ ಹೆಸರನ್ನು ಅದಕ್ಕೆ ಇಟ್ಟರು. ವಿಮಾನಗಳು ಹೋದ ಮೇಲೂ ಡಾಂಬರು, ಕಾಂಕ್ರೀಟು, ವಿಷಮಿಶ್ರಿತ ಮಣ್ಣು, ತಂತಿಬೇಲಿಗಳು ಉಳಿದವು. 1994ರಲ್ಲಿ ಸೈನ್ಯವು ಇವೆಲ್ಲವುಗಳೊಡನೆಯೇ ಆ ನೆಲವನ್ನು ರಾಷ್ಟ್ರೀಯ ಉದ್ಯಾನ ಇಲಾಖೆಗೆ ವಹಿಸಿಕೊಟ್ಟಿತು.

ಸುಮಾರು 100 ಎಕರೆಗಳ ಈ ಬಯಲನ್ನು ಏನು ಮಾಡಬೇಕು? ಹಕ್ಕಿಗಳನ್ನು ಬಲ್ಲವರು ಜೌಗನ್ನೇ ಕೇಳಿದರು. ಗಾಳಿಪಟದಂತಹ ಹಾಯಿ ಕಟ್ಟಿ ಹಲಗೆಯ ಮೇಲೆ ನೀರಿನಲ್ಲಿ ತೇಲುವ ಕ್ರೀಡಾಳುಗಳು ವಾಹನ ನಿಲ್ಲಿಸುವ ಜಾಗ ಕೇಳಿದರು. ನಾಯಿ ಸಾಕಿದವರು ಅವುಗಳನ್ನು ಬಿಟ್ಟು ಓಡಾಡಿಸುವ ಸ್ವಾತಂತ್ರ್ಯ ಕೇಳಿದರು. ಚರಿತ್ರೆಯ ಅಭಿಮಾನಿಗಳಿಗೆ ಹಳೆಯ ವಿಮಾನ ಬಯಲು ಅಳಿಯಬಾರದಾಗಿತ್ತು. ಒಂದೇ ಹಿತ್ತಲನ್ನು ನಾಲ್ವರು ಅಣ್ಣತಮ್ಮಂದಿರು ಪಾಲು ಕೇಳಿದಂತೆ! ಕೊನೆಗೆ ವಿಮಾನ ಬಯಲಿಗೆ 28 ಎಕರೆ ಹುಲ್ಲುನೆಲ, ಜೌಗಿಗೆ ಸುಮಾರು 18 ಎಕರೆ ಎಂದು ತೀರ್ಮಾನವಾಯಿತು. ಅಳಿವೆಯ ಬಾಯಿ ತನ್ನಷ್ಟಕ್ಕೆ ತೆರೆದಿರಬೇಕಾದರೆ ಜೌಗಿಗೆ ಸುಮಾರು 30 ಎಕರೆಯಾದರೂ ಬೇಕೆಂದು ಜಲತಜ್ಞರು ಮೊದಲೇ ತಿಳಿಸಿದ್ದರು. ವಾಚಕರು ಈ ಅಂತರವನ್ನು ಗಮನಿಸಿಕೊಳ್ಳಬೇಕು.

ಕೆಲಸವಂತೂ ಸಾಮಾನ್ಯವಾದುದಲ್ಲ. 87,000 ಟನ್ನು ಅಪಾಯಕಾರಿ ವಸ್ತುಗಳನ್ನು ಅಲ್ಲಿಂದ ಸಾಗಿಸಲಾಯಿತೆಂದು ಲೆಕ್ಕ. ಹೊಂಡ ತೋಡಿ, ದಂಡೆಯ ಮರಳನ್ನು ಕಡಿದು, 1999ರಲ್ಲಿ ಉಬ್ಬರದ ನೀರನ್ನು ಒಳಗೆ ಬಿಟ್ಟರು. ನೆಡಬೇಕಾದ ಸಸಿಗಳು ಯಾವ ಅಂಗಡಿಯಲ್ಲಿಯೂ ಸಿಗುವಂತಹವಲ್ಲ. ಅದೇ ಸುತ್ತಿನ ದಿನ್ನೆಗಳಲ್ಲಿ ಅಳಿದುಳಿದಿದ್ದ ನಾಡಗಿಡಗಳ ಬೀಜಗಳನ್ನು ಆರಿಸಿ ತಂದು, ಸಸಿಮಡಿಗಳಲ್ಲಿ ಬೆಳೆಸಿ, ಸುಮಾರು ಒಂದು ಲಕ್ಷ ಸಸಿಗಳನ್ನು ನೆಟ್ಟರು. ನೆಟ್ಟವರು ಹೆಚ್ಚಾಗಿ ಸ್ವಯಂಸೇವಕರು. ಅವರಲ್ಲಿ ಶಾಲೆಯ ಮಕ್ಕಳೂ ಇದ್ದರು. ಉಪಾಧ್ಯಾಯ ವೃತ್ತಿಯಲ್ಲಿರುವ ನಮಗೆ ಈ ವೃತ್ತಾಂತದಲ್ಲಿ ಅತ್ಯಂತ ಹಿಡಿಸಿದ್ದು ಇದು. ಬೀಜ, ಬೇರು, ಉಪ್ಪು, ಉಬ್ಬರ ಎಂಬ ಪಾಠಗಳನ್ನು ಆ ಮಕ್ಕಳು ಮೊಣಕಾಲವರೆಗೆ ಕೆಸರು ಮಾಡಿಕೊಂಡು ಕಲಿತಿರಬೇಕು. ದಕ್ಷಿಣ ಆಫ್ರಿಕಾದಿಂದ ಬಂದು ಮರಳದಿನ್ನೆಗಳನ್ನೆಲ್ಲ ಚಾಪೆಯಂತೆ ಮುಚ್ಚುವ ಐಸ್ ಪ್ಲಾಂಟ್ ಎಂಬ ಗಿಡವನ್ನು ಕೀಳುವುದು ಮಾತ್ರ ಒಮ್ಮೆಗೆ ಮುಗಿಯುವ ಕೆಲಸವಲ್ಲ. ನಮ್ಮಲ್ಲಿ ಲಂಟಾನವನ್ನು ಕಿತ್ತವರಿಗೆ ಇದರ ಅನುಭವವುಂಟು.

2001ರ ಮೇ ತಿಂಗಳಲ್ಲಿ ಉದ್ಯಾನ ಜನರಿಗೆ ತೆರೆಯಿತು. ತೀರದುದ್ದಕ್ಕೂ ಅಗಲವಾದ, ಗಟ್ಟಿಯಾಗಿ ಒತ್ತಿದ ಕಾಲ್ದಾರಿ. ಗಾಲಿಕುರ್ಚಿಯವರೂ, ತೊಟ್ಟಿಲಗಾಡಿ ತಳ್ಳುವ ತಾಯಂದಿರೂ ಅದರಲ್ಲಿ ಸಾಗಬಹುದು. ಜೌಗಿನ ಮೇಲೆ ಮರದ ಕಾಲುಸೇತುವೆಯಿದೆ, ನೆಟ್ಟ ದಿನ್ನೆಗಳಿಗೆ ಸಣ್ಣ ಬೇಲಿಯಿದೆ. ದಾರಿ ಚೆನ್ನಾಗಿದ್ದರೆ ಜನ ದಾರಿ ಬಿಟ್ಟು ಹೋಗುವುದು ಕಡಮೆ. ಬೇಲಿಗಿಂತ ದಾರಿಯೇ ಗಿಡಗಳನ್ನು ಹೆಚ್ಚು ಕಾಯುತ್ತದೆಂದು ನಮ್ಮ ಎಣಿಕೆ. ಇಂದು ಅಲ್ಲಿ ನೂರಕ್ಕೂ ಹೆಚ್ಚು ಬಗೆಯ ಹಕ್ಕಿಗಳು ಕಂಡುಬರುತ್ತವೆ.

ಎಲ್ಲವೂ ಸುಗಮವಾಯಿತೆಂದಲ್ಲ. ಸ್ನೋಯಿ ಪ್ಲವರ್ ಎಂಬ ಅಂಗೈಯಗಲದ ಹಕ್ಕಿ, ನಮ್ಮ ಟಿಟ್ಟಿಭದ ದೂರದ ನಂಟ, ಮೊಟ್ಟೆಯಿಡುವ ಕಾಲ ಕಳೆದ ಮೇಲೆ ಆ ಮರಳಿಗೆ ಬಂದು ತಂಗುತ್ತದೆ. ಅಮೆರಿಕದ ಸರಕಾರ 1993ರಲ್ಲಿಯೇ ಅದನ್ನು ಆಪತ್ತಿನಲ್ಲಿರುವ ಹಕ್ಕಿಯೆಂದು ಪಟ್ಟಿಗೆ ಸೇರಿಸಿದೆ. ಮರಳಿನ ಬಣ್ಣದ್ದೇ ಆದ ಈ ಹಕ್ಕಿ ಮನುಷ್ಯರ ಹೆಜ್ಜೆಗುರುತಿನ ಕುಳಿಯಲ್ಲಿ ಅಡಗಿ ಕೂರುವುದುಂಟು. ನಾಯಿ ಅಟ್ಟಿದಾಗಲೆಲ್ಲ ಹಾರಬೇಕು. ಹಾರಿದಷ್ಟೂ ಕೂಡಿಟ್ಟ ಕೊಬ್ಬು ಕರಗಬೇಕು. ಆದ್ದರಿಂದ ತೀರದ ಪಶ್ಚಿಮ ಭಾಗದಲ್ಲಿ ಜುಲೈಯಿಂದ ಮೇ ನಡುವಿನವರೆಗೆ ನಾಯಿಗಳಿಗೆ ಹಗ್ಗ ಕಡ್ಡಾಯವೆಂಬ ನಿಯಮ ಬಂದಿತು. ನಾಯಿಯ ಒಡೆಯರಿಗೂ ಉದ್ಯಾನದವರಿಗೂ ವರ್ಷಗಟ್ಟಲೆ ವಾದ ನಡೆಯಿತು. ಹಗ್ಗದ ನಿಯಮ ನ್ಯಾಯವಾದುದೆಂದೇ ನಮ್ಮ ಅಭಿಪ್ರಾಯ. ನಾಯಿಗೆ ಬೇರೆ ಬಯಲುಗಳಿವೆ.

ಇನ್ನು ಅಳಿವೆಯ ವಿಚಾರ. ಒಳಗೆ ನೀರು ತುಂಬುವ ಜಾಗ ದೊಡ್ಡದಾದಷ್ಟೂ ಇಳಿತದಲ್ಲಿ ಹೊರಹರಿಯುವ ನೀರಿಗೆ ರಭಸ ಹೆಚ್ಚು. ಆ ರಭಸವೇ ಬಾಯಿಯ ಮರಳನ್ನು ತೊಳೆಯಬೇಕು. 18 ಎಕರೆಯ ನೀರಿಗೆ ಅಷ್ಟು ಕಸುವಿಲ್ಲ. ತಜ್ಞರ ಮಾತು ನಿಜವಾಯಿತು: ಅಲೆಗಳು ತಂದ ಮರಳಿನಿಂದ ಬಾಯಿ ಪದೇ ಪದೇ ಮುಚ್ಚಿಕೊಂಡಿತು. ಮುಚ್ಚಿದಾಗ ನೀರು ನಿಂತು, ಅದರೊಳಗಿನ ಪ್ರಾಣವಾಯು ಕುಗ್ಗಿ, ಜೀವಿಗಳಿಗೆ ಕುತ್ತು ಬರುತ್ತದೆ. ಆಗ ಯಂತ್ರಗಳನ್ನು ತರಿಸಿ ಬಾಯಿ ಬಿಡಿಸಬೇಕಾಯಿತು.

ಪರಿಹಾರವನ್ನು ಒಳಭಾಗದಲ್ಲಿ ಹುಡುಕಿದರು. ಪಕ್ಕದ ಹೆದ್ದಾರಿಯನ್ನು ಹೊಸದಾಗಿ ಕಟ್ಟಿದ ಮೇಲೆ, ಅಲ್ಲಿನ ಸುಮಾರು 7 ಎಕರೆ ನೆಲದ ಡಾಂಬರು ಕಿತ್ತು, ಕ್ವಾರ್ಟರ್‌ಮಾಸ್ಟರ್ ರೀಚ್ ಎಂಬ ಇನ್ನೊಂದು ಜೌಗನ್ನು 2020ರಲ್ಲಿ ತೆರೆದರು. ಕೊಳವೆಗಳೊಳಗೆ ಹುದುಗಿದ್ದ ತೊರೆಯ ನೀರು ಈಗ ಬೆಟ್ಟದಿಂದಿಳಿದು ಇಲ್ಲಿ ಉಪ್ಪುನೀರನ್ನು ಸೇರುತ್ತದೆ. ರಸ್ತೆಯಡಿಯ ಮೋರಿಗಳ ಮೂಲಕ ಹಳೆಯ ಜೌಗಿಗೂ ಇದಕ್ಕೂ ಉಬ್ಬರ ಇಳಿತಗಳ ಕೊಡುಕೊಳೆಯುಂಟು. ಹೆದ್ದಾರಿಯ ಸುರಂಗಗಳ ಮೇಲೆಯೇ 14 ಎಕರೆಗಳ ಮತ್ತೊಂದು ಉದ್ಯಾನವನ್ನು 2022ರ ಜುಲೈಯಲ್ಲಿ ತೆರೆದದ್ದರಿಂದ, ಮೇಲಿನ ಹಳೆಯ ಕೋಟೆಯ ಬಯಲಿನಿಂದ ಜನರು ವಾಹನಗಳ ಹಾವಳಿಯಿಲ್ಲದೆ ನಡೆದೇ ತೀರಕ್ಕೆ ಇಳಿಯಬಹುದಾಗಿದೆ. ಎರಡೂ ಜೌಗುಗಳ ವಿಸ್ತಾರವನ್ನು ಕೂಡಿಸಿದರೆ 25 ಎಕರೆ. ತಜ್ಞರು ಕೇಳಿದ್ದಕ್ಕೆ ಇನ್ನೂ 5 ಎಕರೆ ಕಡಮೆ.