ಪತನವನ್ನು ನಿಧಾನಿಸಿದ ಹಲಗೆ

60 ಅಡಿ ಎತ್ತರದ ತೆಂಗಿನ ಮರದಿಂದ ಕಳಚಿದ ಕಾಯಿ ನೆಲ ಮುಟ್ಟುವುದಕ್ಕೆ ಎರಡು ಸೆಕೆಂಡುಗಳೂ ಹಿಡಿಯವು. ಅಷ್ಟರಲ್ಲಿ ಅದರ ವೇಗ ಶೂನ್ಯದಿಂದ ಗಂಟೆಗೆ ಸುಮಾರು 68 ಕಿಲೋಮೀಟರಿಗೆ ಏರಿರುತ್ತದೆಂಬುದನ್ನು ಇಂದು ಪ್ರೌಢಶಾಲೆಯ ಬಾಲಕನೂ ಲೆಕ್ಕ ಹಾಕಿ ಹೇಳಬಲ್ಲನು. ಆದರೆ ಸೆಕೆಂಡಿನ ಮಟ್ಟಿಗೆ ನೆಚ್ಚತಕ್ಕ ಗಡಿಯಾರ ಕೈಗೆಟುಕದಿದ್ದ ಹದಿನೇಳನೆಯ ಶತಮಾನದ ಆದಿಯಲ್ಲಿ, ಬೀಳುವ ವಸ್ತುವಿನ ವೇಗ ಯಾವ ಕ್ರಮದಿಂದ ವರ್ಧಿಸುವುದೆಂದು ಅಳೆಯುವುದು ದುಸ್ಸಾಧ್ಯವಾಗಿದ್ದಿತು. ಪಡುವಾ ವಿಶ್ವವಿದ್ಯಾನಿಲಯದಲ್ಲಿ ಗಣಿತದ ಪ್ರಾಧ್ಯಾಪಕನಾಗಿದ್ದ ಗೆಲಿಲಿಯೋ ಈ ತೊಡಕಿಗೆ ಕಂಡುಕೊಂಡ ಉಪಾಯ, ಇಳಿಜಾರು ಹಲಗೆಯ ಮೇಲೆ ಗುಂಡನ್ನುರುಳಿಸಿ ಪತನವನ್ನೇ ನಿಧಾನಗೊಳಿಸುವುದು. ಪೀಸಾದ ವಾಲುಗೋಪುರದಿಂದ ಆತ ಗುಂಡುಗಳನ್ನು ಬೀಳಿಸಿದನೆಂಬ ಕಥೆ, ಶಿಷ್ಯ ವಿವಿಯಾನಿಯ ಬರವಣಿಗೆಯಿಂದ ಹಬ್ಬಿ ಲೋಕಪ್ರಸಿದ್ಧವಾಗಿದೆ; ನನ್ನ ದೃಷ್ಟಿಗಂತೂ ಈ ಹಲಗೆಯ ಮುಂದೆ ಆ ಗೋಪುರ ಗಿಡ್ಡ.

1638ರಲ್ಲಿ ಲೈಡನ್ನಿನಲ್ಲಿ ಅಚ್ಚಾದ ಆತನ ಗ್ರಂಥದಲ್ಲಿ ಉಪಕರಣದ ವರ್ಣನೆಯಿದೆ. ಸುಮಾರು 12 ಮೊಳ ಉದ್ದ (ಅಲ್ಲಿಯ ಮೊಳ ನಮ್ಮದಕ್ಕಿಂತ ದೊಡ್ಡದಾದ್ದರಿಂದ ಇದು ಹತ್ತಿರ ಹತ್ತಿರ 7 ಮೀಟರ್), ಅರ್ಧ ಮೊಳ ಅಗಲ, ಮೂರು ಬೆರಳು ದಪ್ಪದ ಮರದ ಹಲಗೆ. ಅದರ ಅಂಚಿನುದ್ದಕ್ಕೂ ಬೆರಳಗಲಕ್ಕಿಂತ ತುಸು ಹೆಚ್ಚಿನ ನೇರವಾದ ತೋಡು. ಗುಂಡು ತಡವರಿಸದಿರಲೆಂದು ತೋಡಿನೊಳಗೆ ಅಂಟಿಸಿದ ನಯವಾದ ಚರ್ಮಪತ್ರ. ಹಲಗೆಯ ಒಂದು ತುದಿಯನ್ನು ಒಂದೆರಡು ಮೊಳ ಎತ್ತರಿಸಿ, ದುಂಡಾದ ಕಂಚಿನ ಗುಂಡನ್ನು ಉರುಳಬಿಡುವುದು. ಲಂಬವಾಗಿ ಬಿದ್ದರೆ ಅದೇ 7 ಮೀಟರ್ ಒಂದೇಕಾಲು ಸೆಕೆಂಡಿನೊಳಗೆ ಮುಗಿಯುತ್ತಿದ್ದಿತು. ಒಂದು ಮೊಳದ ಇಳಿಜಾರಿನಲ್ಲಿ ಸುಮಾರು ಐದು ಸೆಕೆಂಡು ಬೇಕು. ಕಾಲವನ್ನಳೆದದ್ದು ನೀರಿನಿಂದ. ಎತ್ತರದಲ್ಲಿಟ್ಟ ದೊಡ್ಡ ಪಾತ್ರೆಯ ತಳದ ಸಣ್ಣ ನಳಿಗೆಯಿಂದ, ಗುಂಡು ಉರುಳುತ್ತಿರುವಷ್ಟು ಹೊತ್ತು ಇಳಿದ ನೀರನ್ನು ಲೋಟದಲ್ಲಿ ಹಿಡಿದು, ಸೂಕ್ಷ್ಮವಾದ ತಕ್ಕಡಿಯಲ್ಲಿ ತೂಗಿದರೆ, ಆ ತೂಕಗಳ ಪ್ರಮಾಣವೇ ಕಾಲಗಳ ಪ್ರಮಾಣ.

ಹಲಗೆಯ ಕಾಲುಭಾಗವನ್ನು ಕ್ರಮಿಸಲು ಪೂರ್ತಿ ಹಲಗೆಯ ಅರ್ಧ ಕಾಲ ಸಾಕಾಯಿತು. ಅಂದರೆ ಕಾಲ ಇಮ್ಮಡಿಯಾದರೆ ದೂರ ನಾಲ್ಮಡಿ, ಮುಮ್ಮಡಿಯಾದರೆ ಒಂಬತ್ತು ಮಡಿ. ಕಾರಣವಿಷ್ಟೆ: ವೇಗ ಕಾಲಕ್ಕೆ ಸಮಪ್ರಮಾಣದಲ್ಲಿ ಏರುವುದರಿಂದ, ಇಮ್ಮಡಿ ಕಾಲದಲ್ಲಿ ಸರಾಸರಿ ವೇಗವೂ ಇಮ್ಮಡಿ; ಎರಡೆರಡಲ ನಾಲ್ಕು. ಇದೇ ಸಮವೇಗೋತ್ಕರ್ಷ. ಸಮಕಾಲದ ಒಂದೊಂದು ತುಣುಕಿನಲ್ಲಿ ಗುಂಡು ಸಾಗಿದ ದೂರಗಳು 1, 3, 5, 7 ಎಂಬ ಬೆಸಸಂಖ್ಯೆಗಳಂತೆ ಬೆಳೆಯುತ್ತ ಹೋಗುವುವು. 1604ರಲ್ಲಿ ಮಿತ್ರ ಸಾರ್ಪಿಗೆ ಬರೆದಾಗ, ವೇಗ ಏರುವುದು ಕ್ರಮಿಸಿದ ದೂರಕ್ಕನುಗುಣವಾಗಿ ಎಂದು ಇದೇ ಗೆಲಿಲಿಯೋ ನಂಬಿದ್ದನೆಂಬುದು ಗಮನಾರ್ಹ.

ಉರುಳುವ ಗುಂಡು ತನ್ನ ಸುತ್ತ ತಿರುಗುವುದಕ್ಕೂ ಶಕ್ತಿಯನ್ನು ವ್ಯಯಿಸುವುದರಿಂದ, ಜಾರುವ ವಸ್ತುವಿನ ವೇಗೋತ್ಕರ್ಷದ ಏಳರಲ್ಲಿ ಐದು ಪಾಲು ಮಾತ್ರ ಅದಕ್ಕೆ ಲಭಿಸುತ್ತದೆ. ಈ ಭೇದ ಗೆಲಿಲಿಯೋಗೆ ತಿಳಿದಿರಲಿಲ್ಲ. ಆದರೆ ಆತ ಹುಡುಕಿದ್ದು ಪ್ರಮಾಣವನ್ನಾದ್ದರಿಂದ ನಿಯಮಕ್ಕೇನೂ ಕುಂದು ಬರಲಿಲ್ಲ.

ಇಂಥ ಒರಟು ಸಾಧನದಿಂದ ಇಷ್ಟು ನಿಖರತೆ ಹೇಗೆ ಸಾಧ್ಯವೆಂದು ಇತಿಹಾಸಕಾರ ಅಲೆಕ್ಸಾಂಡರ್ ಕೊಯ್ರೆ ಸಂಶಯಪಟ್ಟನು. ಥಾಮಸ್ ಸೆಟ್ಲ್ ಎಂಬಾತನು ಅಂಥದೇ ಹಲಗೆ, ಅಂಥದೇ ನೀರಿನ ಪಾತ್ರೆಗಳನ್ನು ಹೂಡಿ ಪ್ರಯೋಗವನ್ನು ಮರಳಿ ನಡೆಸಿ, ನಿಯಮ ಚೆನ್ನಾಗಿಯೇ ಹೊಂದುವುದೆಂದು 1961ರಲ್ಲಿ ಪ್ರಕಟಿಸಿದನು. ಫ್ಲಾರೆನ್ಸಿನ ಗೆಲಿಲಿಯೋ ಸಂಗ್ರಹಾಲಯದಲ್ಲಿ ಇಂದು ಕಾಣಸಿಗುವ, ಬೆಸಸಂಖ್ಯೆಗಳ ಅಂತರದಲ್ಲಿ ಪುಟ್ಟ ಗಂಟೆಗಳನ್ನು ಕಟ್ಟಿದ ಇಳಿಜಾರು ಹಲಗೆಯಾದರೋ ಗೆಲಿಲಿಯೋ ಬಳಸಿದ್ದಲ್ಲ. ಅದನ್ನು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಮಾಡಿದ್ದು.