ವಾಲ್ವು ಆಂಪ್ಲಿಫೈಯರೂ ಹಾಳೆಯ ಹೆಡ್‌ಫೋನೂ

1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ 30 ವ್ಯಾಟಿನ ಪುಟ್ಟ ಪ್ರೇಷಕಯಂತ್ರವನ್ನಿಟ್ಟು ಆಕಾಶವಾಣಿಗೆ ನಾಂದಿ ಹಾಡಿದ ಕಾಲದಲ್ಲಿ, ವಾಲ್ವಿಗೂ ಹೆಡ್‌ಫೋನಿಗೂ ಇದ್ದ ಸಂಬಂಧವು ಬಹು ಸರಳವಾದುದಾಗಿತ್ತು. ಅಂದಿನ ಹೆಡ್‌ಫೋನಿನೊಳಗೆ ಕೂದಲೆಳೆಯಂಥ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿಯಿರುತ್ತಿತ್ತು. ಒಂದೊಂದು ಕಿವಿಗೆ 2000 ಓಮ್‌ನಂತೆ ಎರಡೂ ಸೇರಿ 4000 ಓಮ್ ರೋಧವಿರುವುದು ವಾಡಿಕೆ. ವಾಲ್ವು ಬಯಸತಕ್ಕ ಹೊರೆಯೂ ಹೆಚ್ಚು ಕಡಮೆ ಅಷ್ಟೇ. ಆದುದರಿಂದ ಬ್ಯಾಟರಿಯಿಂದ ನಡೆಯುವ ಸಣ್ಣ ಸೆಟ್ಟುಗಳಲ್ಲಿ ಹೆಡ್‌ಫೋನನ್ನು ವಾಲ್ವಿನ ಧನಾಗ್ರದ ಮಂಡಲದಲ್ಲಿಯೇ ನೇರವಾಗಿ ಸೇರಿಸಿಬಿಡುತ್ತಿದ್ದರು. ನಡುವೆ ಯಾವ ದಲ್ಲಾಳಿಯೂ ಬೇಕಿರಲಿಲ್ಲ.

ಈಗ ಈ ಹಳೆಯ ಜೊತೆಯನ್ನು ಮತ್ತೆ ಕೂಡಿಸುವ ಆಸೆ ಸಂಗೀತಪ್ರಿಯರಲ್ಲಿ ಹುಟ್ಟಿದೆ. ಅಂಕೋಲೆಯಿಂದ ಯಲ್ಲಾಪುರದ ಮೇಲೆ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯಲ್ಲಿ, ಕಾಡಿನ ನಡುವೆ, ಸುಂಕಸಾಳವೆಂಬ ಊರಿದೆ. ಅಲ್ಲಿಯ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಈಚೆಗೆ ನಮಗೊಂದು ಪ್ರಶ್ನೆಯನ್ನು ಬರೆದು ಕಳುಹಿಸಿದರು. ಅವರ ಮನೆಯಲ್ಲಿ ತಂದೆಯ ಕಾಲದ ವಾಲ್ವು ರೇಡಿಯೋ ಒಂದು ಇನ್ನೂ ಹಾಡುತ್ತಿದೆ. ಅವರು ಹೊಸದಾಗಿ 50 ಓಮಿನ ಪ್ಲೇನಾರ್ ಮ್ಯಾಗ್ನೆಟಿಕ್ ಹೆಡ್‌ಫೋನು ಕೊಂಡಿದ್ದಾರೆ. ಹಳೆಯ ಪುಸ್ತಕದ ಚಿತ್ರದಲ್ಲಿ ತೋರಿಸಿದಂತೆ ಇದನ್ನು ವಾಲ್ವಿನ ಧನಾಗ್ರಕ್ಕೆ ಸೇರಿಸಬಹುದೇ, ಇಲ್ಲವಾದರೆ ಯಾವ ಆಂಪ್ಲಿಫೈಯರನ್ನು ಕೊಳ್ಳಬೇಕು, ಎಂಬುದು ಪ್ರಶ್ನೆ. ಕೇಳಿ ನೋಡಿ ಕೊಳ್ಳಲು ಹತ್ತಿರದಲ್ಲಿ ಅಂಗಡಿಯಿಲ್ಲದವರು ಅಂಕಿಗಳನ್ನೇ ನಂಬಬೇಕಲ್ಲವೇ? ಮೊದಲ ಪ್ರಶ್ನೆಗೆ ಉತ್ತರ, ಖಂಡಿತವಾಗಿ ಕೂಡದು. ಏಕೆಂಬುದನ್ನು ತಿಳಿದರೆ ಎರಡನೆಯದಕ್ಕೆ ಉತ್ತರ ತಾನಾಗಿಯೇ ದೊರೆಯುತ್ತದೆ.

ಸಾಮಾನ್ಯ ಹೆಡ್‌ಫೋನಿನಲ್ಲಿ ಒಂದು ಸಣ್ಣ ಸುರುಳಿಯು ಅಯಸ್ಕಾಂತದ ಸಂದಿಯಲ್ಲಿ ಆಡುತ್ತ, ತನಗಂಟಿದ ಬಟ್ಟಲಿನಂಥ ಪೊರೆಯನ್ನು ನಡುವಿನಿಂದ ತಳ್ಳುತ್ತದೆ. ಪ್ಲೇನಾರ್ ಬಗೆಯಲ್ಲಿ ಸುರುಳಿಯೇ ಇಲ್ಲ. ಕೂದಲಿಗಿಂತ ಎಷ್ಟೋ ತೆಳ್ಳಗಿನ ಪ್ಲಾಸ್ಟಿಕ್ ಹಾಳೆಯ ಮೇಲೆ ಲೋಹದ ಪಟ್ಟಿಯನ್ನು ಹಾವಿನಂತೆ ಹಿಂದಕ್ಕೂ ಮುಂದಕ್ಕೂ ಹಾಯಿಸಿ, ಆ ಹಾಳೆಯನ್ನು ಅಯಸ್ಕಾಂತಗಳ ಸಾಲಿನೆದುರು ಬಿಗಿದು ನಿಲ್ಲಿಸುತ್ತಾರೆ. ಪ್ರವಾಹ ಹರಿದಾಗ ನೂಕು ಹಾಳೆಯ ಮೈಯೆಲ್ಲಕ್ಕೂ ಒಟ್ಟಿಗೆ ಬೀಳುತ್ತದೆ. ಈ ಬಗೆ ತೀರ ಹೊಸದೇನೂ ಅಲ್ಲ. ಜಪಾನಿನ ಯಾಮಾಹಾ ಸಂಸ್ಥೆಯು 1976ರಲ್ಲಿಯೇ ಎಚ್‌ಪಿ-1 ಎಂಬ 150 ಓಮಿನ ಹೆಡ್‌ಫೋನನ್ನು ಈ ತತ್ತ್ವದ ಮೇಲೆ ಮಾಡಿತ್ತು. ಹಾಳೆಯ ಮೇಲಿನ ಪಟ್ಟಿ ಉದ್ದದಲ್ಲಿ ಅಲ್ಪವಾದುದರಿಂದ ರೋಧವೂ ಅಲ್ಪ. ಈಗ ದೊರೆಯುವವುಗಳಲ್ಲಿ ಬಹಳಷ್ಟು 20ರಿಂದ 70 ಓಮಿನೊಳಗಿನವು.

ಬಲವೆಂಬುದು ಇಲ್ಲಿ ಪ್ರವಾಹದಿಂದ ಬರತಕ್ಕದ್ದು. ಒಂದೆರಡು ಲೆಕ್ಕಗಳನ್ನು ನೋಡೋಣ. ಸಂಗೀತದ ಅತ್ಯುಚ್ಚ ಕ್ಷಣಗಳಿಗಾಗಿ 110 ಡೆಸಿಬೆಲ್‌ಗಳ ಅವಕಾಶ ಬೇಕೆಂದು ಇಟ್ಟುಕೊಳ್ಳೋಣ. ಒಂದು ಮಿಲಿವ್ಯಾಟಿಗೆ 97 ಡೆಸಿಬೆಲ್ ಕೊಡುವ 300 ಓಮಿನ ಸುರುಳಿಯ ಹೆಡ್‌ಫೋನಿಗೆ 20 ಮಿಲಿವ್ಯಾಟ್ ಸಾಕು. ಅದು ಸುಮಾರು 2.4 ವೋಲ್ಟು, 8 ಮಿಲಿಆಂಪಿಯರ್. ಫೋಸ್ಟೆಕ್ಸ್ ಸಂಸ್ಥೆಯ ಟಿ50ಆರ್‌ಪಿಯ ಮೂರನೆಯ ಆವೃತ್ತಿ, 50 ಓಮ್, ಮಿಲಿವ್ಯಾಟಿಗೆ 92 ಡೆಸಿಬೆಲ್. ಅದಕ್ಕೆ 63 ಮಿಲಿವ್ಯಾಟು, 35 ಮಿಲಿಆಂಪಿಯರ್. ಹೈಫೈಮ್ಯಾನ್ ಸಂಸ್ಥೆಯ ಎಚ್ಇ-6 ಎಂಬುದು ಹೊಟ್ಟೆಬಾಕತನಕ್ಕೆ ಹೆಸರಾದದ್ದು: 50 ಓಮ್, 83.5 ಡೆಸಿಬೆಲ್. ಅದಕ್ಕೆ ಸುಮಾರು 450 ಮಿಲಿವ್ಯಾಟು, 95 ಮಿಲಿಆಂಪಿಯರ್ ಬೇಕು. ವೋಲ್ಟಿನ ಮಾತಿನಲ್ಲಿ ಇವು ದೂರದ ನೆಂಟರಂತೆಯೂ ಕಾಣುವುದಿಲ್ಲ, ಎಲ್ಲವೂ ಐದು ವೋಲ್ಟಿನೊಳಗೆ ಮುಗಿಯುತ್ತವೆ. ಪ್ರವಾಹದಲ್ಲಿ ಮಾತ್ರ ಹನ್ನೆರಡು ಪಾಲಿನ ಅಂತರ.

ವಾಲ್ವಿನ ಸ್ವಭಾವ ಇದಕ್ಕೆ ತಿರುವುಮುರುವು. ಅದು ವೋಲ್ಟುಗಳಲ್ಲಿ ಧಾರಾಳಿ, ಪ್ರವಾಹದಲ್ಲಿ ಕೃಪಣ. ಕಾದ ಋಣಾಗ್ರದಿಂದ ಹೊರಟ ಎಲೆಕ್ಟ್ರಾನುಗಳು ನಿರ್ವಾತವನ್ನು ದಾಟಿ ಹೋಗುವ ಹಾದಿಯಲ್ಲಿ ವಾಲ್ವಿಗೆ ತನ್ನದೇ ಆದ ಒಳರೋಧವಿದೆ. ಇದನ್ನು ನಾವು ಸುಂಕವೆಂದು ಕರೆಯೋಣ. ಪ್ರಶ್ನೆ ಬಂದ ಊರಿನ ಹೆಸರಿನಲ್ಲಿಯೇ ಆ ಶಬ್ದವಿರುವುದರಿಂದ ನೆನಪಿಡುವುದೂ ಸುಲಭ. ಹೊರಡುವ ವೋಲ್ಟಿನಲ್ಲಿ ಸುಂಕದ ಕಟ್ಟೆಗೆ ಒಂದು ಪಾಲು, ಹೆಡ್‌ಫೋನಿಗೆ ಒಂದು ಪಾಲು. ಯಾರ ರೋಧ ಹೆಚ್ಚೋ ಅವರ ಪಾಲು ಹೆಚ್ಚು. ಟ್ರಾನ್ಸ್‌ಫಾರ್ಮರ್ ಇಲ್ಲದ ಹೆಡ್‌ಫೋನ್ ಆಂಪ್ಲಿಫೈಯರುಗಳಲ್ಲಿ ಬಳಸುವ 6ಎಎಸ್7 ಎಂಬ ವಾಲ್ವು ಸುಂಕ ಕಡಮೆಯೆಂದು ಹೆಸರಾದದ್ದು. ಋಣಾಗ್ರದಿಂದ ಧ್ವನಿಯನ್ನು ತೆಗೆದುಕೊಂಡಾಗ ಅದರ ಅರ್ಧಭಾಗವೊಂದರ ಹೊರರೋಧ ಸುಮಾರು 93 ಓಮ್. 300 ಓಮಿನ ಹೆಡ್‌ಫೋನಿಗೆ ಇದರಿಂದ ಮುಕ್ಕಾಲು ಪಾಲು ವೋಲ್ಟು ದಕ್ಕುತ್ತದೆ. 50 ಓಮಿನ ಹಾಳೆಗಾದರೋ ದಕ್ಕುವುದು ಮೂರನೆಯ ಒಂದು ಪಾಲು ಮಾತ್ರ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವೇನು! ಗುಂಡಿಯನ್ನು ಎಷ್ಟು ತಿರುಗಿಸಿದರೂ, ವಾಲ್ವಿನ ಪ್ರವಾಹ ಮುಗಿದಲ್ಲಿ ಧ್ವನಿ ಒಡೆಯುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ವ್ಯಾಪಾರಿಗಳ ವರ್ಣನೆಗಳಲ್ಲಿ ಇದು ಸಾಮಾನ್ಯವಾಗಿ ಮರೆಯಾಗುತ್ತದೆ. ಸುಂಕ ಹೆಚ್ಚಾದರೆ ಧ್ವನಿಯ ಬಣ್ಣವೇ ಕೆಡುತ್ತದೆಂದು ಹೇಳುವುದುಂಟು. ಸುರುಳಿಯ ಹೆಡ್‌ಫೋನಿನ ವಿಷಯದಲ್ಲಿ ಇದು ದಿಟ. 300 ಓಮ್ ಎಂದು ಬರೆದಿರುವ ಹೆಡ್‌ಫೋನು ಮಂದ್ರದ ಕಡೆ, 100 ಹರ್ಟ್ಸಿನ ಸುತ್ತಮುತ್ತ, 500 ಓಮನ್ನೂ ಮೀರುವುದುಂಟು. ಅಲ್ಲಿ ಸುಂಕದ ಪಾಲು ಇಳಿದು ಹೆಡ್‌ಫೋನಿನ ಪಾಲು ಏರುವುದರಿಂದ, 93 ಓಮಿನ ಆಂಪ್ಲಿಫೈಯರಿನಲ್ಲಿ ಮಂದ್ರವು ಸುಮಾರು ಒಂದು ಡೆಸಿಬೆಲಿನಷ್ಟು ಉಬ್ಬುತ್ತದೆ. ಹಾಳೆಯ ಹೆಡ್‌ಫೋನಾದರೋ ಮಂದ್ರದಿಂದ ತಾರದವರೆಗೆ ಬಹುಮಟ್ಟಿಗೆ ಒಂದೇ ರೋಧವನ್ನು ಕಾಯ್ದುಕೊಳ್ಳುತ್ತದೆ. ಸುಂಕ ಎಷ್ಟೇ ಇರಲಿ, ಎಲ್ಲ ಸ್ವರಗಳ ಮೇಲೂ ಅದು ಒಂದೇ ಪ್ರಮಾಣದಲ್ಲಿ ಬೀಳುತ್ತದೆ. ಹಾಳೆಯ ಓಲಾಟವನ್ನು ತಡೆಯುವ ಕೆಲಸವನ್ನೂ ಬಹುಪಾಲು ಸುತ್ತಲಿನ ಗಾಳಿಯೇ ಮಾಡುತ್ತದೆ, ಆಂಪ್ಲಿಫೈಯರಲ್ಲ. ಆದುದರಿಂದ ಪ್ಲೇನಾರ್ ಕೊಳ್ಳುವವರು ಆಂಪ್ಲಿಫೈಯರಿನ ಹೊರರೋಧವನ್ನು ಕೇಳಬೇಕಾದುದು ಬಣ್ಣಕ್ಕಾಗಿ ಅಲ್ಲ, ಶಕ್ತಿಗಾಗಿ. ತನ್ನ ಹೆಡ್‌ಫೋನಿನ ರೋಧದಲ್ಲಿ ಅದು ಎಷ್ಟು ಮಿಲಿವ್ಯಾಟ್ ಕೊಡಬಲ್ಲದು ಎಂಬ ಒಂದೇ ಪ್ರಶ್ನೆಗೆ ಉತ್ತರ ಬರೆಯದ ಮಾರಾಟಗಾರನಿಂದ ಕೊಳ್ಳಬಾರದೆಂದು ನಮ್ಮ ಅಭಿಪ್ರಾಯ.

ಇನ್ನು ಸುಂಕಸಾಳದ ರೇಡಿಯೋ. ಅದರ ಕೊನೆಯ ವಾಲ್ವು ಇಎಲ್84. ಒಂದು ಕಾಲಕ್ಕೆ ಬಹು ಬಳಕೆಯಲ್ಲಿದ್ದ ಈ ವಾಲ್ವನ್ನು 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ ತಯಾರಿಸುತ್ತಿತ್ತು. 250 ವೋಲ್ಟಿನಲ್ಲಿ 48 ಮಿಲಿಆಂಪಿಯರ್ ಹರಿಸಿ, 5200 ಓಮಿನ ಹೊರೆ ಕೊಟ್ಟರೆ, ಇದು ಹೆಚ್ಚೆಂದರೆ 5.7 ವ್ಯಾಟ್ ಕೊಡುತ್ತದೆ. 50 ಓಮಿನ ಹಾಳೆಯನ್ನು ನೇರವಾಗಿ ಧನಾಗ್ರಕ್ಕೆ ಸೇರಿಸಿದರೆ ಹಾಡುವುದೇ ಇಲ್ಲವೆಂದಲ್ಲ. ಶಕ್ತಿಯ ನೂರರಲ್ಲೊಂದು ಪಾಲು ಬಂದೀತು, ಕಿವಿಗೆ ಕೇಳಿಸಿಯೂ ಕೇಳಿಸೀತು. ಅಪಾಯವಿರುವುದೇ ಅಲ್ಲಿ. ಕೇಳಿಸಿತೆಂದು ಸಂತೋಷಪಡುವವರ ಎರಡು ಕಿವಿಗಳ ಬಳಿ 250 ವೋಲ್ಟು ಕುಳಿತಿರುತ್ತದೆ. ಹಾಳೆಯನ್ನು 48 ಮಿಲಿಆಂಪಿಯರ್ ನೇರಪ್ರವಾಹವು ಸದಾ ಒಂದೇ ಕಡೆಗೆ ಒತ್ತುತ್ತಿರುತ್ತದೆ. ಹಳೆಯ ಬ್ಯಾಟರಿ ಸೆಟ್ಟಿನ ಚಿತ್ರವನ್ನು ಮನೆಯ ವಿದ್ಯುತ್ತಿನ ಸೆಟ್ಟಿಗೆ ಅನ್ವಯಿಸುವುದು ಪ್ರಾಣದೊಡನೆ ಆಟ.

ಸರಿಯಾದ ದಾರಿ ರೇಡಿಯೋದೊಳಗೇ ಇದೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ವೋಲ್ಟನ್ನು ಇಳಿಸಿ ಪ್ರವಾಹವನ್ನು ಏರಿಸುತ್ತದೆ. ಸುತ್ತುಗಳ ಪ್ರಮಾಣದ ವರ್ಗದಷ್ಟು ರೋಧ ಬದಲಾಗುತ್ತದೆ. ಹತ್ತಕ್ಕೆ ಒಂದರ ಟ್ರಾನ್ಸ್‌ಫಾರ್ಮರಿನಲ್ಲಿ 5200 ಓಮ್ 52 ಆಗುತ್ತದೆ, ಎಂದರೆ ಹಾಳೆಯ ಹೆಡ್‌ಫೋನಿಗೆಂದೇ ಅಳೆದಂತಾಗುತ್ತದೆ. ರೇಡಿಯೋದಲ್ಲಿರುವುದು ಸ್ಪೀಕರಿನ ನಾಲ್ಕೈದು ಓಮಿಗಾಗಿ ಸುತ್ತಿದ್ದು. ಅದರಿಂದಲೂ ಕೆಲಸ ನಡೆಯುತ್ತದೆ. ಸ್ಪೀಕರಿನ ಸ್ಥಾನದಲ್ಲಿ 4 ಓಮಿನ, 10 ವ್ಯಾಟ್ ತಾಳುವ ರೋಧಕವೊಂದನ್ನು ಬಿಡದೆ ಇಡಬೇಕು. ಹೊರೆಯಿಲ್ಲದೆ ನಡೆದ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟು ಏರಿ ಕಿಡಿ ಹಾರುವುದುಂಟು. ಆ ರೋಧಕದ ಎರಡು ತುದಿಗಳ ನಡುವೆ ಪೂರ್ಣ ಶಕ್ತಿಯಲ್ಲಿ 4.8 ವೋಲ್ಟಿರುತ್ತದೆ. 50 ಓಮಿಗೆ ಅದು ಸುಮಾರು 450 ಮಿಲಿವ್ಯಾಟ್. ಮೇಲೆ ಹೇಳಿದ ಹೊಟ್ಟೆಬಾಕನಿಗೆ ಬೇಕಾದಷ್ಟೇ. ಸಾಧಾರಣ ಪ್ಲೇನಾರಿಗೆ ಇದು ಅತಿಯಾಯಿತು. ಪ್ರತಿಯೊಂದು ಕಿವಿಯ ಹಾದಿಯಲ್ಲಿಯೂ 100 ಓಮಿನ ರೋಧಕವೊಂದನ್ನಿಟ್ಟರೆ 50 ಮಿಲಿವ್ಯಾಟಿಗೆ ಇಳಿಯುತ್ತದೆ. ನಾವೇ ಕಟ್ಟಿದ ಈ ಸುಂಕದಿಂದ ಹಾಳೆಯ ಧ್ವನಿಗೆ ಬಣ್ಣಗೇಡಿಲ್ಲವೆಂಬುದನ್ನು ಈಗಾಗಲೇ ಕಂಡಿದ್ದೇವೆ.

ಆದರೆ ಇದಕ್ಕೆಲ್ಲ ಮೊದಲು ಒಂದು ಪರೀಕ್ಷೆ ಆಗಬೇಕು. ಕೆಲವು ಅಗ್ಗದ ಸೆಟ್ಟುಗಳಲ್ಲಿ ಮೇನ್ಸ್ ಟ್ರಾನ್ಸ್‌ಫಾರ್ಮರೇ ಇರುತ್ತಿರಲಿಲ್ಲ. ಅವುಗಳ ಲೋಹದ ಚೌಕಟ್ಟು ಗೋಡೆಯ ವಿದ್ಯುತ್ತಿಗೇ ಸೇರಿರುತ್ತಿತ್ತು. ಯುಎಲ್84 ಮುಂತಾಗಿ ಯು ಅಕ್ಷರದಿಂದ ಮೊದಲಾಗುವ ವಾಲ್ವುಗಳು ಕಂಡರೆ ಆ ಸೆಟ್ಟಿಗೆ ಹೆಡ್‌ಫೋನಿನ ಮಾತನ್ನೇ ಎತ್ತಬಾರದು. ಇ ಅಕ್ಷರವಿದ್ದ ಮಾತ್ರಕ್ಕೆ ನಿರ್ಭಯವೂ ಅಲ್ಲ; ತಿಳಿದ ರಿಪೇರಿಯವರು ಮೀಟರ್ ಹಿಡಿದು ನೋಡಿಯೇ ಹೇಳಬೇಕು.

ಹೊಸದಾಗಿ ಕೊಳ್ಳುವವರಿಗೆ ನಮ್ಮ ಸಲಹೆ ಸಂಕ್ಷೇಪವಾದುದು: ಟ್ರಾನ್ಸ್‌ಫಾರ್ಮರ್ ಇರುವ ವಾಲ್ವು ಆಂಪ್ಲಿಫೈಯರು, ಇಲ್ಲವೇ ವೋಲ್ಟಿಗೆ ವಾಲ್ವನ್ನೂ ಪ್ರವಾಹಕ್ಕೆ ಟ್ರಾನ್ಸಿಸ್ಟರನ್ನೂ ಇಟ್ಟಿರುವ ಮಿಶ್ರಜಾತಿಯದು. ಎರಡನೆಯದು ಅಗ್ಗ, ಹಗುರ. ಟ್ರಾನ್ಸ್‌ಫಾರ್ಮರ್ ಇಲ್ಲದ್ದನ್ನು 300 ಓಮಿನವರಿಗೆ ಬಿಟ್ಟುಬಿಡುವುದು ಲೇಸು.

ಹಾಗಾದರೆ ಟ್ರಾನ್ಸಿಸ್ಟರೊಂದೇ ಸಾಲದೇ, ವಾಲ್ವೇಕೆ? ಸಾಲುತ್ತದೆ. ವಾಲ್ವಿನ ಮೋಹಕ್ಕೆ ಕಾರಣ ಬೇರೆ. ಒಂಟಿ ಟ್ರಯೋಡ್ ವಾಲ್ವು ಸ್ವರಕ್ಕೆ ತನ್ನದೊಂದು ಅಲ್ಪ ಮಿಶ್ರಣವನ್ನು ಸೇರಿಸುತ್ತದೆ. ಅದರಲ್ಲಿ ಮುಖ್ಯವಾದುದು ಎರಡನೆಯ ಸಹಸ್ವರ, ಎಂದರೆ ಷಡ್ಜಕ್ಕೆ ಮೇಲಿನ ಷಡ್ಜ. ಪೆಂಟೋಡಿನಲ್ಲಿ ಮೂರನೆಯದೂ ತಲೆಹಾಕುತ್ತದೆ. ಅದು ಮೇಲಿನ ಷಡ್ಜಕ್ಕೂ ಆಚೆಯ ಪಂಚಮ. ತಂಬೂರಿಯ ಒಂದೊಂದು ತಂತಿಯಲ್ಲಿಯೂ ಇವು ಮೊದಲೇ ಇವೆ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲರಂಥವರ 78 ಸುತ್ತಿನ ಹಳೆಯ ತಟ್ಟೆಗಳನ್ನು ಕೇಳುವಾಗ ಈ ಮಿಶ್ರಣವು ಕರ್ಕಶವೆನಿಸದಿರುವುದು ಆದ್ದರಿಂದಲೇ. ಹಾಳೆಯ ಹೆಡ್‌ಫೋನು ತನ್ನದಾಗಿ ಸೇರಿಸುವುದು ಬಲು ಕಡಮೆಯಾದುದರಿಂದ ವಾಲ್ವಿನ ಈ ಛಾಯೆ ಅದರಲ್ಲಿ ಕಾಣುವಷ್ಟಾದರೂ ಕಾಣುತ್ತದೆ. ಆದರೂ ಅದು ಛಾಯೆಯೇ. ಅದಕ್ಕಾಗಿ ಸಾಲಮಾಡತಕ್ಕದ್ದಲ್ಲ.

ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕು ಮಳೆ ಬೀಳುವ ಸೀಮೆಯಲ್ಲಿ ವಾಲ್ವಿನ ಗಾಜಿನೊಳಕ್ಕೆ ತೇವ ಹೋಗದು. ಕಾಲುಗಳಿಗೂ ಸಾಕೆಟ್ಟಿಗೂ ಕಿಲುಬು ಹತ್ತುತ್ತದೆ, ಹೆಡ್‌ಫೋನಿನ ಕಿವಿದಿಂಬಿಗೆ ಬೂಷ್ಟು ಹಿಡಿಯುತ್ತದೆ. ವಿದ್ಯುತ್ತಿನ ಏರಿಳಿತ ಇನ್ನೂ ಕೆಟ್ಟದ್ದು. ಗೋಡೆಯ 230 ವೋಲ್ಟು 180ಕ್ಕೆ ಇಳಿದರೆ ವಾಲ್ವನ್ನು ಕಾಯಿಸುವ 6.3 ವೋಲ್ಟು 4.9ಕ್ಕೆ ಇಳಿಯುತ್ತದೆ, ನೂರಕ್ಕೆ ಹತ್ತರ ಆಚೀಚೆಯನ್ನು ಮಾತ್ರ ಅದು ಸಹಿಸಬಲ್ಲದು. ಸ್ಟೆಬಿಲೈಸರ್ ಕೊಳ್ಳುವ ಹಣವನ್ನು ಮೊದಲೇ ಲೆಕ್ಕದಲ್ಲಿ ಹಿಡಿಯಬೇಕು. ಗುಡುಗಿನ ದಿನ ಪ್ಲಗ್ಗನ್ನು ಕಿತ್ತಿಡಬೇಕು.

ಕಿವಿಯ ಮಾತು ಉಳಿಯಿತು. ಪ್ರೌಢರಿಗೆ ವಾರಕ್ಕೆ 80 ಡೆಸಿಬೆಲಿನಲ್ಲಿ 40 ಗಂಟೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಗೆರೆ. ಮೂರು ಡೆಸಿಬೆಲ್ ಏರಿದಂತೆಲ್ಲ ಅವಧಿ ಅರ್ಧವಾಗುತ್ತದೆ. 110ರಲ್ಲಿ ಇಡೀ ವಾರಕ್ಕೆ ಎರಡು ಮೂರು ನಿಮಿಷ ಮಾತ್ರ. ಧ್ವನಿ ಒಡೆದಾಗ ನಾವು ಗುಂಡಿಯನ್ನು ತಗ್ಗಿಸುತ್ತೇವೆ. ಒಳ್ಳೆಯ ಹಾಳೆಯ ಹೆಡ್‌ಫೋನು ಅಷ್ಟು ಎತ್ತರದಲ್ಲಿಯೂ ಒಡೆಯದೆ ಹಾಡುವುದರಿಂದ ಆ ಎಚ್ಚರಿಕೆ ಸಿಗುವುದಿಲ್ಲ. ಆದುದರಿಂದ ಗುಂಡಿಯನ್ನು ಪೂರ್ತಿ ಇಳಿಸಿ ಸ್ವಿಚ್ಚು ಹಾಕುವುದು, ವಾಲ್ವು ಕಾಯಲು ಒಂದು ನಿಮಿಷ ಬಿಡುವುದು, ಆಮೇಲೆ ಹೆಡ್‌ಫೋನನ್ನು ಸೇರಿಸಿ ತಲೆಗಿಟ್ಟುಕೊಂಡು ಗುಂಡಿಯನ್ನು ಮೆಲ್ಲಗೆ ಏರಿಸುವುದು. ಆರಿಸುವಾಗ ಹೆಡ್‌ಫೋನನ್ನು ಮೊದಲು ತೆಗೆದು ಸ್ವಿಚ್ಚನ್ನು ಕೊನೆಗೆ ಮುಟ್ಟುವುದು.