ಸೆಲ್ಫ್ ಹೊಡೆಯದ ಕಾರು: ಮುನ್ನೂರು ರೂಪಾಯಿ ಮೀಟರಿನ ಲೆಕ್ಕ

ಸಣ್ಣ ಪೆಟ್ರೋಲ್ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ತುಂಬಿರುವ ವಿದ್ಯುತ್ತು ಎಷ್ಟು? 35ನ್ನು 12ರಿಂದ ಗುಣಿಸಿದರೆ 420 ವ್ಯಾಟ್-ಅವರ್. ಮನೆಯ ಕರೆಂಟಿನ ಲೆಕ್ಕದಲ್ಲಿ ಅರ್ಧ ಯೂನಿಟ್ಟೂ ಇಲ್ಲ, ಮೂರು ರೂಪಾಯಿ ಆಸುಪಾಸಿನ ಮಾಲು. ಅದನ್ನು ಹಿಡಿದಿಟ್ಟ ಡಬ್ಬಿಗೆ ಮಾತ್ರ ಮೂರೂವರೆಯಿಂದ ಐದು ಸಾವಿರ. ಬೆಳಗ್ಗೆ ಕೀ ತಿರುಗಿಸಿದಾಗ ಕಾರು ‘ಟಕ್’ ಎಂದು ಸುಮ್ಮನಾದರೆ ನಮ್ಮಲ್ಲಿ ಮೊದಲು ಬದಲಾಗುವುದು ಆ ಡಬ್ಬಿಯೇ.

ಅನುಮಾನವೇನೋ ಆಧಾರವಿಲ್ಲದ್ದಲ್ಲ. ಜರ್ಮನಿಯ ವಾಹನ ಸವಾರರ ಸಂಘ ಎಡಿಎಸಿ ಪ್ರತಿವರ್ಷ ಕೊಡುವ ಲೆಕ್ಕದಲ್ಲಿ, ಈಚಿನ ವರ್ಷಗಳಲ್ಲಿ ಕೆಟ್ಟು ನಿಂತ ಪ್ರತಿ 100 ವಾಹನಗಳಲ್ಲಿ 40ಕ್ಕೂ ಹೆಚ್ಚಿನವು ನಿಂತಿದ್ದು ಬ್ಯಾಟರಿಯಿಂದ. ಅಲ್ಲಿನದು ಚಳಿ, ನಮ್ಮದು ಬಿಸಿಲು. ಚಳಿ ಬ್ಯಾಟರಿಯ ಶಕ್ತಿ ಕುಗ್ಗಿಸಿದರೆ ಬಿಸಿಲು ಅದರ ಆಯುಸ್ಸನ್ನೇ ತಿನ್ನುತ್ತದೆ. ಶಾಖ 10 ಡಿಗ್ರಿ ಏರಿದರೆ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆಂಬುದು ಈ ಕಸುಬಿನವರ ಒರಟು ಲೆಕ್ಕ. ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. (ಬ್ಯಾಟರಿಯ ಮೇಲೆ ದೊಡ್ಡದಾಗಿ ಬರೆದಿರುವ ‘ಸಿಸಿಎ’ ಅಂಕಿ, ಅಂದರೆ ಚಳಿಯಲ್ಲಿ ಸೆಲ್ಫ್‌ಗೆ ಕೊಡಬಲ್ಲ ಕರೆಂಟ್, ಮೈನಸ್ 18 ಡಿಗ್ರಿಯ ಪರೀಕ್ಷೆಯದು. ಲೇಹ್‌ನಲ್ಲಿ ಅದಕ್ಕಿರುವ ಬೆಲೆ ಬಳ್ಳಾರಿಯಲ್ಲಿ ಇಲ್ಲ.) ಆದರೂ ಅನುಮಾನ ಬೇರೆ, ಅಳತೆ ಬೇರೆ. ಮುನ್ನೂರು ರೂಪಾಯಿಗೆ ಸಿಗುವ ಸಾದಾ ಮಲ್ಟಿಮೀಟರ್ ಕೈಯಲ್ಲಿದ್ದರೆ ಹತ್ತು ನಿಮಿಷದಲ್ಲಿ ಗೊತ್ತಾಗುವುದನ್ನು ಸಾವಿರಾರು ರೂಪಾಯಿ ಸುರಿದು ತಿಳಿದುಕೊಳ್ಳಬೇಕಿಲ್ಲ.

ಮೊದಲ ಅಳತೆ ಕಾರು ರಾತ್ರಿಯಿಡೀ ನಿಂತ ಮೇಲಿನದು. ಒಳಗಿರುವುದು ಆರು ಸೆಲ್, ಒಂದೊಂದಕ್ಕೆ 2.1 ವೋಲ್ಟ್, ಒಟ್ಟು 12.6. ಮೀಟರ್ ಅಷ್ಟು ತೋರಿಸಿದರೆ ಬ್ಯಾಟರಿ ತುಂಬಿದೆ. 12.4 ಇದ್ದರೆ ಮುಕ್ಕಾಲು, 12.2 ಇದ್ದರೆ ಅರ್ಧ, 12ಕ್ಕೆ ಬಂದರೆ ಕಾಲು ಭಾಗ. ಎರಡು ಅಂಕಿಯ ನಡುವೆ ಬರೀ 0.2 ವೋಲ್ಟಿನ ಅಂತರ ಎಂಬುದು ಗಮನದಲ್ಲಿರಲಿ. ‘ಹನ್ನೆರಡು ಇದೆ, ಸಾಕಲ್ಲ’ ಎನ್ನುವ ಹಾಗಿಲ್ಲ.

ಈ ಅಂಕಿಯೊಂದನ್ನೇ ನಂಬಿ ಕೂರುವುದೂ ತಪ್ಪು. ಮುದಿ ಬ್ಯಾಟರಿ ಸುಮ್ಮನಿದ್ದಾಗ 12.5 ತೋರಿಸಿ, ಭಾರ ಬಿದ್ದ ಕೂಡಲೇ ಕುಸಿಯುತ್ತದೆ. ಆದ್ದರಿಂದ ನಿಜವಾದ ಪರೀಕ್ಷೆ ಎರಡನೆಯದು. ಒಬ್ಬರು ಕೀ ತಿರುಗಿಸಲಿ, ಇನ್ನೊಬ್ಬರು ಬ್ಯಾಟರಿಯ ಎರಡು ಸೀಸದ ಗೂಟಗಳಿಗೆ ಮೀಟರಿನ ಕಡ್ಡಿ ಒತ್ತಿ ಹಿಡಿಯಲಿ. ಸೆಲ್ಫ್ ತಿರುಗುವಾಗ 9.6 ವೋಲ್ಟಿಗಿಂತ ಕೆಳಗೆ ಇಳಿಯಕೂಡದು. ಏಳಕ್ಕೋ ಎಂಟಕ್ಕೋ ಬಿದ್ದರೆ ಬ್ಯಾಟರಿಯೇ ಸೋತಿದೆ, ಇಲ್ಲವೇ ಸೆಲ್ಫ್ ಒಳಗೆ ಬಿಗಿದುಕೊಂಡು ವಿಪರೀತ ಕರೆಂಟ್ ಎಳೆಯುತ್ತಿದೆ. ಕೀ ತಿರುಗಿಸಿದರೂ ಅಂಕಿ 12.6ರಿಂದ ಕದಲದೆ, ಟಕ್ ಎಂಬ ಸದ್ದೂ ಬಾರದಿದ್ದರೆ ಸೆಲ್ಫ್‌ವರೆಗೆ ಕರೆಂಟೇ ಹೋಗಿಲ್ಲ: ಫ್ಯೂಸ್, ರಿಲೇ, ಕೀ ಸ್ವಿಚ್ಚು, ಅಥವಾ ಇಲಿ ಕಡಿದ ವೈರ್. ಕ್ಲಚ್ ಪೂರ್ತಿ ಒತ್ತದೆ ಸ್ಟಾರ್ಟ್ ಆಗದ ಕಾರುಗಳೂ ಉಂಟು, ಆಟೋಮ್ಯಾಟಿಕ್‌ನಲ್ಲಿ ಗೇರ್ ‘ಪಿ’ಗೆ ಸರಿಯಾಗಿ ಕೂರದಿದ್ದರೂ ಇದೇ ಪಾಡು. ಇವನ್ನು ನೋಡಲು ಒಂದು ಪೈಸೆಯೂ ಬೇಡ.

ಎಲ್ಲರನ್ನೂ ಯಾಮಾರಿಸುವುದು ಇವೆರಡರ ನಡುವಿನ ಸ್ಥಿತಿ. ಸೆಲ್ಫ್ ಎಳೆದಾಡಿಕೊಂಡು ತಿರುಗುತ್ತದೆ, ಬ್ಯಾಟರಿ ಗೂಟದ ಮೇಲೆ ಮಾತ್ರ 11.4 ವೋಲ್ಟ್ ಇದೆ. ಆಗ ಒಂದು ಕಡ್ಡಿಯನ್ನು ಗೂಟದ ಮೇಲೂ ಇನ್ನೊಂದನ್ನು ಅದಕ್ಕೆ ಬಿಗಿದ ಕೇಬಲ್ಲಿನ ಕ್ಲಾಂಪಿನ ಮೇಲೂ ಇಡಿ. ನಡುವೆ ಎರಡು ಮಿಲಿಮೀಟರ್ ಜಾಗವೂ ಇರುವುದಿಲ್ಲ. ಕೀ ತಿರುಗಿಸಿದಾಗ ಮೀಟರ್ ಸೊನ್ನೆಯ ಹತ್ತಿರ ಇರಬೇಕು. 2.4 ತೋರಿಸಿತು ಅನ್ನಿ, ಸೆಲ್ಫ್‌ಗೆ ಸಿಗುತ್ತಿರುವುದು ಬರೀ 9 ವೋಲ್ಟ್. ತಿಂದದ್ದು ಕ್ಲಾಂಪಿನ ಒಳಮೈಯ ಬಿಳಿ-ಹಸಿರು ಕಿಲುಬು. 80 ಆಂಪಿಯರ್ ಹರಿಯುವಾಗ 2.4 ವೋಲ್ಟ್ ಕಳೆಯಲು 0.03 ಓಮ್ ತಡೆ ಸಾಕು. ಅಲ್ಲಿ ಸುಡುವ ಶಕ್ತಿ 192 ವ್ಯಾಟ್, ಹಳೆಯ 60 ವ್ಯಾಟಿನ ಮೂರು ಬಲ್ಬಿನಷ್ಟು. ನಾಲ್ಕು ಸಲ ಸೆಲ್ಫ್ ಹೊಡೆದು ಕ್ಲಾಂಪ್ ಮುಟ್ಟಿ ನೋಡಿದರೆ ಬಿಸಿಯಾಗಿರುತ್ತದೆ.

‘ಹೆಡ್‌ಲೈಟ್ ಚೆನ್ನಾಗಿ ಉರೀತಿದೆ, ಹಾರ್ನ್ ಹೊಡೀತಿದೆ, ಕನೆಕ್ಷನ್ ಸರಿ ಇದೆ’ ಎಂಬ ವಾದ ಬಿದ್ದುಹೋಗುವುದೂ ಇಲ್ಲೇ. ಎರಡು ಹೆಡ್‌ಲೈಟ್ ಸೇರಿ ಎಳೆಯುವುದು 10 ಆಂಪಿಯರ್. ಅದೇ 0.03 ಓಮ್‌ನಲ್ಲಿ ಆಗ ಕಳೆಯುವುದು 0.3 ವೋಲ್ಟ್, ಕಣ್ಣಿಗೆ ಕಾಣದು. ಮೀಟರನ್ನು ಓಮ್‌ಗೆ ತಿರುಗಿಸಿದರೂ ಪ್ರಯೋಜನವಿಲ್ಲ. ಸಾದಾ ಮೀಟರಿನ ವೈರುಗಳ ತಡೆಯೇ ಇದರ ಹತ್ತು ಪಟ್ಟು ಇರುತ್ತದೆ. ಭಾರ ಹೊತ್ತಾಗಲೇ ಅಳೆಯಬೇಕು. ಹೀಗೆಯೇ ನೆಗೆಟಿವ್ ಗೂಟದಿಂದ ಎಂಜಿನ್ ಮೈಗೆ 0.2 ವೋಲ್ಟಿಗಿಂತ, ಪಾಸಿಟಿವ್ ಗೂಟದಿಂದ ಸೆಲ್ಫ್‌ನ ಬೋಲ್ಟಿಗೆ 0.5 ವೋಲ್ಟಿಗಿಂತ ಹೆಚ್ಚು ತೋರಿಸಬಾರದು. ಮಳೆಗಾಲ ಮುಗಿದ ಮೇಲೆ ಮಲೆನಾಡು, ಕರಾವಳಿಯ ಕಾರುಗಳಲ್ಲಿ ಅರ್ತಿಂಗ್ ಕೇಬಲ್ಲನ್ನೇ ಮೊದಲು ನೋಡುವುದು ಒಳ್ಳೆಯದು. ರಿಪೇರಿ ಖರ್ಚು? ಹತ್ತಿಪ್ಪತ್ತು ರೂಪಾಯಿಯ ಅಡುಗೆ ಸೋಡಾ, ಬಿಸಿನೀರು, ಒಂದು ಹಾಳೆ ಉಜ್ಜುಕಾಗದ, ಸ್ವಲ್ಪ ವ್ಯಾಸಲೀನ್. ಬಿಚ್ಚುವಾಗ ನೆಗೆಟಿವ್ ಮೊದಲು, ಕಟ್ಟುವಾಗ ಅದು ಕೊನೆಗೆ. ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಹತ್ತಿರ ಬೀಡಿ-ಸಿಗರೇಟು ಬೇಡ.

ಮೂರನೆಯದು ಚಾರ್ಜಿಂಗ್. ಎಂಜಿನ್ ಓಡುವಾಗ 13.8ರಿಂದ 14.4 ಬರಬೇಕು. 12.5ರಲ್ಲೇ ನಿಂತಿದ್ದರೆ ಡೈನಮೋ ಅಥವಾ ಅದರ ಬೆಲ್ಟಿನ ದೋಷ. ಅಲ್ಲಿ ಹೊಸ ಬ್ಯಾಟರಿ ಹಾಕಿದರೂ ಬೇಗ ಅದೇ ಗತಿ.

ನಾಲ್ಕನೆಯದು ಸೋರಿಕೆ. ಒಂದು ಸ್ಟಾರ್ಟಿಗೆ ಬೇಕಾಗುವುದು 120 ಆಂಪಿಯರ್, ಒಂದು ಸೆಕೆಂಡು. ತುಂಬಿದ ಬ್ಯಾಟರಿಯ ಸಾವಿರದಲ್ಲೊಂದು ಪಾಲು. ಖಾಲಿ ಮಾಡುವುದು ಸ್ಟಾರ್ಟ್ ಅಲ್ಲ, ನಿಂತಲ್ಲೇ ಹರಿದುಹೋಗುವ ಕರೆಂಟ್. ಲಾಕ್ ಮಾಡಿ ಮುಕ್ಕಾಲು ಗಂಟೆ ಬಿಟ್ಟ ಮೇಲೆ 50 ಮಿಲಿ ಆಂಪಿಯರ್‌ವರೆಗೆ ಸಹಜ. ಆ ಲೆಕ್ಕದಲ್ಲಿ 35 ಆಂಪಿಯರ್-ಅವರ್ ಮುಗಿಯಲು 700 ಗಂಟೆ, 29 ದಿನ. ಆಮೇಲೆ ಹಾಕಿಸಿದ ಕ್ಯಾಮೆರಾವೋ ಮ್ಯೂಸಿಕ್ ಸಿಸ್ಟಮ್ಮೋ 300 ಮಿಲಿ ಆಂಪಿಯರ್ ಎಳೆದರೆ ಐದು ದಿನದೊಳಗೆ ಪೂರಾ ಖಾಲಿ, ಅರ್ಧ ಖಾಲಿಯಾಗಲು ಎರಡೂವರೆ ದಿನ. ಮೂರು ದಿನ ವಿಮಾನ ನಿಲ್ದಾಣದಲ್ಲಿ ನಿಲ್ಲಿಸಿ ಬಂದವರಿಗೆ ಇಷ್ಟು ಸಾಕು. ಈ ಅಳತೆಗೆ ಮೀಟರನ್ನು ನೆಗೆಟಿವ್ ಕೇಬಲ್ಲಿನ ಸಾಲಿನಲ್ಲಿ ಸೇರಿಸಬೇಕು. ಸೇರಿಸಿದ ಮೇಲೆ ತಪ್ಪಿಯೂ ಸೆಲ್ಫ್ ಹೊಡೆಯಬೇಡಿ, 10 ಆಂಪಿಯರ್ ಮಿತಿಯ ಮೀಟರ್ ಸುಟ್ಟುಹೋಗುತ್ತದೆ.

ಸೆಲ್ಫ್ ಜೋರಾಗಿ ತಿರುಗಿಯೂ ಎಂಜಿನ್ ಹತ್ತದಿದ್ದರೆ ಬ್ಯಾಟರಿಯನ್ನು ಬಿಟ್ಟುಬಿಡಿ. ಕೀ ಆನ್ ಮಾಡಿದಾಗ ಪೆಟ್ರೋಲ್ ಪಂಪ್ ಎರಡು ಸೆಕೆಂಡು ಗುಂಯ್ ಎನ್ನುತ್ತದೆಯೇ ಕೇಳಿ. ಇಲ್ಲವಾದರೆ ಅದರ ಫ್ಯೂಸ್ ಐದು-ಹತ್ತು ರೂಪಾಯಿ, ರಿಲೇ ಒಂದಿನ್ನೂರು. ಅದೇ ನಂಬರಿನ ಹಾರ್ನ್ ರಿಲೇ ಕಿತ್ತು ಅಲ್ಲಿ ಹಾಕಿ ನೋಡಿದರೆ ಪುಕ್ಕಟೆ ಪರೀಕ್ಷೆ. ಡ್ಯಾಶ್‌ಬೋರ್ಡಿನಲ್ಲಿ ಕೀ ಚಿತ್ರ ಮಿನುಗುತ್ತಿದ್ದರೆ ಇಮ್ಮೊಬಿಲೈಸರ್ ಕೀಯನ್ನು ಗುರುತಿಸಿಲ್ಲ, ಇನ್ನೊಂದು ಕೀ ತನ್ನಿ. ಅದರಾಚೆಯ ಸೆನ್ಸರುಗಳಿಗೆ ಸ್ಕ್ಯಾನರ್ ಇರುವವರೇ ಬೇಕು.

ಬೆಲೆ ಊರಿಂದೂರಿಗೆ, ಕಾರಿಂದ ಕಾರಿಗೆ ಹೆಚ್ಚುಕಮ್ಮಿ, ಆದರೂ ಅಂದಾಜು ಹೀಗೆ: ಸೆಲ್ಫ್ ಬಿಚ್ಚಿ ಕಾರ್ಬನ್ ಬ್ರಶ್, ಬುಶ್ ಹಾಕಿಸಲು ಒಂದೂವರೆಯಿಂದ ಎರಡೂವರೆ ಸಾವಿರ, ಹೊಸ ಸೆಲ್ಫ್‌ಗೆ ಐದು ಸಾವಿರದಿಂದ ಮೇಲೆ, ಹೊಸ ಡೈನಮೋಗೆ ಎಂಟು ಸಾವಿರದಿಂದ ಮೇಲೆ. 2025ರ ಸೆಪ್ಟೆಂಬರ್ 22ರಿಂದ ಬ್ಯಾಟರಿಯ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ, ಹಳೆಯದನ್ನು ಕೊಟ್ಟರೆ ಕೆಲವು ನೂರು ರೂಪಾಯಿ ಕಳೆಯುತ್ತಾರೆ. ‘ಬ್ಯಾಟರಿ ಹೋಗಿದೆ ಸಾರ್’ ಎಂದು ಅಂಗಡಿಯವರು ಹೇಳಿದರೆ, ಸೆಲ್ಫ್ ಹೊಡೆಯುವಾಗ ಎಷ್ಟು ವೋಲ್ಟಿಗೆ ಇಳಿಯಿತು ಎಂದು ಕೇಳಿ. ಆ ಅಂಕಿಯನ್ನು ಬಿಲ್ಲಿನ ಹಿಂದೆ ಬರೆಸಿಕೊಂಡ ಮೇಲೆ ದುಡ್ಡು ಕೊಡಿ.